ಗಿರಿಯಪ್ಪನ ಅರಳೆ ಮೋಡ

ಸವಣೂರಿನ ಪೇಟೆಯಲ್ಲಿ ಪೇಂಟರ್ ಗಿರಿಯಪ್ಪ ಯಾರೆಂದು ಕೇಳಿದರೆ ಅಂಗಡಿ ಬೋರ್ಡು ಬರೆಯುವವ ಎನ್ನುತ್ತಾರೆ. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವ ಎಂದು ಹೇಳುವವರೂ ಇದ್ದಾರೆ. ಮೋಡ ಮಾಡಿದವ ಎಂದು ಮಾತ್ರ ಒಬ್ಬರ ಬಾಯಿಂದಲೂ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಇದೇ ಊರಿನ ಜನ ಅವನ ಮೋಡ ನೋಡಿ ಉಸಿರು ಬಿಡುವುದನ್ನು ಮರೆತು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ನಾನು ಪರಮೇಶಪ್ಪ. ಕುಬೇರಪ್ಪನವರ ನಾಟಕ ಕಂಪನಿಯಲ್ಲಿ ಗೇಟ್ ಕಾಯುತ್ತಿದ್ದವ. ಟಿಕೀಟು ಹರಿಯುವುದು, ಟಿಕೀಟಿಲ್ಲದೆ ತಗಡಿನ ಕೆಳಗೆ ನುಸುಳುವವರ ಕಾಲು ಹಿಡಿದು ಹೊರಗೆಳೆಯುವುದು, ಇವೆರಡೇ ನನ್ನ ಕಲೆ. ಆಟ ಶುರುವಾದ ಮೇಲೆ ಕೆಲಸವಿಲ್ಲ. ಎಲ್ಲರ ಹಿಂದೆ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ಪುಕ್ಕಟೆ ನಾಟಕ ನೋಡುವುದು. ಕಂಪನಿಯ ಮಂದಿಯಲ್ಲಿ ಆ ಮೋಡಗಳನ್ನು ಎದುರಿನಿಂದ, ಸಮಾಧಾನದಿಂದ ನೋಡಿದವನೆಂದರೆ ನಾನೊಬ್ಬನೇ. ಅದಕ್ಕೇ ಈ ಕಥೆ ನನ್ನ ಪಾಲಿಗೆ ಬಂದಿದೆ.

ಗಿರಿಯಪ್ಪ ಹತ್ತಿಮತ್ತೂರಿನವ. ಅವನ ಅವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುವಾಗ ಇವನು ಬದುವಿನ ಮೇಲೆ ಇದ್ದಿಲಿನಿಂದ ಕಲ್ಲಿಗೆ ಎತ್ತು ಬರೆಯುತ್ತಿದ್ದನಂತೆ. ಎಪ್ಪತ್ತಮೂರರಲ್ಲಿ ನಮ್ಮ ಕ್ಯಾಂಪು ಸವಣೂರಿಗೆ ಬಂದಾಗ ಕೆಲಸ ಕೇಳಿಕೊಂಡು ಬಂದ. ಆಗ ನಮ್ಮಲ್ಲಿ ಹೊಸ ನಾಟಕದ ತಯಾರಿ ನಡೆದಿತ್ತು. ರಾಜ ದಂಡಿಗೆ ಹೋಗುತ್ತಾನೆ. ಮೊದಲ ಮೋಡ ಕಟ್ಟಿದ ದಿನ ತಿರುಗಿ ಬರುತ್ತೇನೆ ಎಂದು ರಾಣಿಗೆ ಮಾತು ಕೊಡುತ್ತಾನೆ. ಮೋಡ ಬರುತ್ತದೆ, ರಾಜ ಬರುವುದಿಲ್ಲ. ರಾಣಿ ಅರಮನೆಯ ಮಾಳಿಗೆಯ ಮೇಲೆ ನಿಂತು ಹಾಡುತ್ತಾಳೆ. ಅರಮನೆಯ ಪರದೆ ಇತ್ತು, ಕಾಡಿನ ಪರದೆ ಇತ್ತು, ಬೀದಿಯದೂ ಇತ್ತು. ಮುಗಿಲಿನದು ಇರಲಿಲ್ಲ. ಗಿರಿಯಪ್ಪ ಬರೆಯುತ್ತೇನೆ ಎಂದ, ಬರೆದ. ನೀಲಿ ಬಳಿದು, ಅದರ ಮೇಲೆ ಸುಣ್ಣದಿಂದ ಗುಂಡು ಗುಂಡಾಗಿ ಬೆಳ್ಳನೆಯ ಮೋಡ.

ಮೊದಲ ದಿನದ ಆಟದಲ್ಲಿ ಪರದೆ ಇಳಿಯಿತು. ರಾಣಿ ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕೂತಿದ್ದ ಗುಂಪಿನಿಂದ ಯಾರೋ ಕೂಗಿದರು.

“ಲೇ, ಮುಗಲಾಗ ಅರಳಿ ಒಣಾ ಹಾಕ್ಯಾರ ನೋಡ್ರಲೇ! ಮಳಿ ಬಂದೀತು, ತಗೀರಿ!”

ಥೇಟರ್ ಬಿದ್ದು ಬಿದ್ದು ನಕ್ಕಿತು. ಹತ್ತಿಯ ಸೀಮೆಯ ಜನ, ಅರಳೆ ಯಾವುದು ಮೋಡ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಣಿಯ ಹಾಡು ನಗುವಿನಲ್ಲಿ ಮುಳುಗಿಹೋಯಿತು. ಮರುದಿನ ಮುಂಜಾನೆ ಮಾಲೀಕರು ಕುಬೇರಪ್ಪನವರು ಚಹಾ ಕುಡಿಯುತ್ತ, “ಏನಪಾ ಗಿರಿಯಪ್ಪ, ನಿನ್ನ ಮ್ವಾಡದಾಗಿಂದು ಹತ್ತಿಕಾಳು ತಗಿಸಿದಿಯೋ, ಹಂಗ ಐತ್ಯೋ?” ಎಂದರು. ಅವನು ತಲೆ ತಗ್ಗಿಸಿ ನಿಂತಿದ್ದ. ಕಿವಿ ಕೆಂಪಾಗಿತ್ತು. ಬಿಟ್ಟು ಓಡಿಹೋಗುತ್ತಾನೆ ಎಂದುಕೊಂಡೆ.

ಅವನು ಓಡಲಿಲ್ಲ. ವೀಳ್ಯದೆಲೆ ತೋಟದ ಬದುವಿಗೆ ಹೋಗಿ ಅಂಗಾತ ಮಲಗಿದ. ದಿನವೂ ಅದೇ. ಊಟಕ್ಕೆ ಕರೆಯಲು ಹೋದರೆ ನನ್ನನ್ನೂ ಪಕ್ಕದಲ್ಲಿ ಮಲಗಿಸಿಕೊಂಡು, “ಪರಮೇಶಿ, ಮ್ವಾಡದ ತೆಳಗ ನೋಡು, ರೊಟ್ಟಿ ತಟ್ಟಿದಂಗ ಸಪಾಟ ಐತಿ. ಗುಡ್ಡೆಲ್ಲಾ ಮ್ಯಾಲಷ್ಟ. ನಾ ತೆಳಗೂ ಗುಡ್ಡಿ ಮಾಡಿದ್ನಿ,” ಎನ್ನುತ್ತಿದ್ದ. ಮತ್ತೊಂದು ದಿನ, “ಅದಕ್ಕ ಗೆರಿನ ಇಲ್ಲೋ. ಎಲ್ಲಿ ಮುಗೀತೈತಿ ಅನ್ನೂದ ತಿಳಿಯಂಗಿಲ್ಲ. ಕುಂಚ ಇಟ್ಟರ ಗೆರಿ ಬೀಳತೈತಿ. ಹೆಂಗ ಮಾಡ್ಲಿ?” ಎಂದು ನನ್ನನ್ನು ಕೇಳಿದ. ಟಿಕೀಟು ಹರಿಯುವವನನ್ನು ಕೇಳಿದರೆ ಏನು ಹೇಳಲಿ? ಹಸಿವಾಗಿದೆ ಏಳು ಎಂದೆ.

ಉತ್ತರ ಸಿಕ್ಕಿದ್ದು ಪಿಂಜಾರ ಬಂದೇಸಾಬರ ಮನೆಯಲ್ಲಿ. ಕಂಪನಿಯ ಹಳೆಯ ಗಾದಿಯ ಅರಳೆ ಹಿಂಜಿಸಲು ನಾವಿಬ್ಬರೂ ಹೋಗಿದ್ದೆವು. ಬಂದೇಸಾಬರು ಬಿಲ್ಲು ಮಿಡಿಯುತ್ತ ಕೂತಿದ್ದರು. ಗಂಟುಗಟ್ಟಿದ ಅರಳೆ ಬಿಲ್ಲಿನ ಪೆಟ್ಟಿಗೆ ಬಿಚ್ಚಿಕೊಂಡು ಎದ್ದು, ಕಿಟಕಿಯ ಬಿಸಿಲಿನಲ್ಲಿ ತೇಲಿ, ಮೆಲ್ಲಗೆ ಕೆಳಗೆ ಬರುತ್ತಿತ್ತು. ಬಿಸಿಲು ಹಿಂದಿನಿಂದ ಬಿದ್ದಲ್ಲಿ ಅಂಚೆಲ್ಲ ಬೆಳಕು, ದಪ್ಪಗಿದ್ದಲ್ಲಿ ನೆರಳು. ಗಿರಿಯಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ.

“ಬಂದೇಸಾಬರ, ಹಂಗ ಬಿಡ್ರಿ. ಅದನ್ನ ಮುಟ್ಟಬ್ಯಾಡ್ರಿ.”

“ಮುಟ್ಟದ ಗಾದಿ ಹೆಂಗ ತುಂಬಲೋ ತಮ್ಮಾ?” ಎಂದರು ಬಂದೇಸಾಬರು.

ಜನ ಅರಳೆ ಎಂದು ನಕ್ಕಿದ್ದರಲ್ಲ, ಅವನು ಅರಳೆಯಿಂದಲೇ ಮೋಡ ಮಾಡಲು ಕೂತ. ಸೊಳ್ಳೆಪರದೆಯ ಬಟ್ಟೆಯನ್ನು ಉದ್ದಕ್ಕೆ ಹೊಲಿಸಿ ಅದಕ್ಕೆ ಹಿಂಜಿದ ಅರಳೆ ಅಂಟಿಸಿದ. ಮೊದಲ ಸಲ ಅಂಟು ಹೆಚ್ಚಾಗಿ ಎಲ್ಲ ಮುದ್ದೆಯಾಯಿತು, ಮಳೆಯಲ್ಲಿ ನೆಂದ ಕೋಳಿಯ ಹಾಗೆ. ಕಿತ್ತ, ಮತ್ತೆ ಹಿಂಜಿಸಿದ. ಬಿಲ್ಲು ಹಿಡಿಯುವುದನ್ನು ಬಂದೇಸಾಬರೇ ಕಲಿಸಿದರು. ಅಂಟು ಅಡಿಗಷ್ಟೇ, ಮೇಲಿನ ಎಳೆ ಸಡಿಲ ಇರಬೇಕು. ಕಾಡಿಗೆ ಮತ್ತು ನೀಲಿಯ ಪುಡಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ, ಮೋಡದ ಹೊಟ್ಟೆಯ ಮೇಲೆ ಹಿಡಿದು ಬೆರಳಿನಿಂದ ತಟ್ಟಿದರೆ ಸಾಕು, ಕುಂಚ ಮುಟ್ಟದೆ ಬಣ್ಣ ಕೂತಿತು. ಗೆರೆ ಬೀಳಲಿಲ್ಲ. ಈ ಬಲೆಯ ಹಿಂದೆ ತೆಳು ನೀಲಿ ಬಟ್ಟೆಯ ಪರದೆ, ಅದರ ಹಿಂದೆ ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ಕೂರಿಸಿದ ಬಲ್ಬು. ಮೋಡದ ಬಲೆಯನ್ನು ಬಾವಿಯ ಗಡಗಡೆಗೆ ಹಗ್ಗ ಹಾಕಿ ಎಳೆಯುವ ವ್ಯವಸ್ಥೆ. ಎಳೆದರೆ ಮೋಡ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು.

ಅದು ಮೊದಲ ಸಲ ನಡೆದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ದೀಪ ಹತ್ತಿತು. ಮುಗಿಲಿನ ಮೂಲೆಯಿಂದ ಒಂದು ಮೋಡ ತಲೆ ಹಾಕಿ, ಬರಲೋ ಬೇಡವೋ ಎನ್ನುವ ಹಾಗೆ ನಿಂತು, ಆಮೇಲೆ ಹೊರಟಿತು. ಅಂಚು ಬೆಳಗುತ್ತಿತ್ತು, ಹೊಟ್ಟೆ ಕಪ್ಪಿಟ್ಟಿತ್ತು. ಅದರ ಬೆನ್ನಿಗೆ ಇನ್ನೊಂದು. ಥೇಟರಿನಲ್ಲಿ ಸದ್ದಿಲ್ಲ. ನನ್ನ ಹತ್ತಿರ ಕೂತಿದ್ದ ಒಬ್ಬ ಮುದುಕ ಎದ್ದು ಧೋತರ ಕಟ್ಟಿಕೊಂಡು, “ಬಾಗಲಾ ತಗಿಯೋ, ಅಂಗಳದಾಗ ಮೆಣಸಿನಕಾಯಿ ಹರವೇವಿ,” ಎಂದ. ಸುಳ್ಳಲ್ಲ, ಬಾಗಿಲು ತೆಗೆದವನು ನಾನೇ. ಅವನು ಹೊರಗೆ ಹೋಗಿ ಚುಕ್ಕಿ ತುಂಬಿದ ಮುಗಿಲು ನೋಡಿ, ಬೈದುಕೊಳ್ಳುತ್ತ ತಿರುಗಿ ಬಂದು ಕೂತ.

ಈಗ ರಾಣಿಯ ಮಾತು ಹೇಳಬೇಕು. ರಾಣಿಯ ಪಾತ್ರ ಶಾರವ್ವನದು. ಶಿಗ್ಗಾವಿಯ ಕಡೆಯವಳು, ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಬಣ್ಣ ಹಚ್ಚದಿದ್ದರೆ ನೂರು ಮಂದಿಯಲ್ಲಿ ಗುರುತಾಗದ ಹುಡುಗಿ. ಹಾಡಿದರೆ ಮಾತ್ರ ಎದೆಯಲ್ಲಿ ಏನೋ ಜಾರಿದಂತಾಗುತ್ತಿತ್ತು. “ಬಾರದ ಮುಗಿಲೇ, ಬಂದೇನು ಮಾಡಿದೆ” ಎಂದು ಅವಳು ಎತ್ತಿದರೆ, ಗಂಡ ಮನೆಯಲ್ಲೇ ಇರುವ ಹೆಂಗಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಟಕದ ನ್ಯಾಯ ನೋಡಿ: ರಾಣಿ ಮೋಡಕ್ಕೆ ಹಾಡುತ್ತಾಳೆ, ಆದರೆ ಮೋಡ ಇರುವುದು ಅವಳ ಬೆನ್ನ ಹಿಂದೆ. ಜನಕ್ಕೆ ಬೆನ್ನು ತೋರಿಸಿ ಹಾಡಿದರೆ ಯಾರು ಕೇಳುತ್ತಾರೆ? ಹೀಗಾಗಿ ಅವಳು ನಮ್ಮ ತಲೆಗಳ ಮೇಲೆ ಎಲ್ಲೋ ದೃಷ್ಟಿ ನೆಟ್ಟು ಹಾಡುತ್ತಿದ್ದಳು.

ಗಿರಿಯಪ್ಪನ ಪಾಡು ಇನ್ನೂ ಚೆಂದ. ರಂಗದ ಒಂದು ಮಗ್ಗುಲಿಗೆ ಹಾರ್ಮೋನಿಯಂ, ತಬಲಾ. ಇನ್ನೊಂದು ಮಗ್ಗುಲಿಗೆ ಬಣ್ಣ ಹಚ್ಚಿದವರ ಓಡಾಟ. ಹಗ್ಗ ಎಳೆಯುವವನಿಗೆ ಜಾಗ ಇದ್ದದ್ದು ನೀಲಿ ಪರದೆಯ ಹಿಂದೆ ಮಾತ್ರ. ಅಲ್ಲಿಂದ ಮೋಡ ಕಾಣುವುದಿಲ್ಲ. ಕಾಣುವುದು ಬಲ್ಬು, ಡಬ್ಬಿ, ಬಟ್ಟೆಗೆ ಹಾಕಿದ ತೇಪೆ. ಪರದೆಯ ನಡುವಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಆ ಸಂದಿಗೆ ಕಣ್ಣಿಟ್ಟು ಅವನು ಶಾರವ್ವನನ್ನು ನೋಡುತ್ತ ಹಗ್ಗ ಎಳೆಯುತ್ತಿದ್ದ. ಅವಳು ಉಸಿರು ತೆಗೆದುಕೊಂಡಾಗ ಅವಳ ಹೆಗಲು ಏರುತ್ತಿತ್ತು. ಆಗ ಕೈ ತಡೆಯಬೇಕು. ಹಾಡಿನ ಸಾಲು ಹೊರಟಾಗ ಹಗ್ಗ ಎಳೆಯಬೇಕು. ಸಾಲಿನೊಂದಿಗೆ ಮೋಡ ನಡೆಯುತ್ತಿತ್ತು, ಅವಳ ಉಸಿರಿನೊಂದಿಗೆ ನಿಲ್ಲುತ್ತಿತ್ತು. ಜನ ಮರುಳಾದದ್ದು ಅದಕ್ಕೇ. ಒಮ್ಮೆ ಗಿರಿಯಪ್ಪನಿಗೆ ಜ್ವರ ಬಂದಾಗ ಯಲ್ಲಪ್ಪ ಎಂಬವ ಎಳೆದ. ಮೋಡಗಳು ಹುಬ್ಬಳ್ಳಿಯ ಗಾಡಿ ಹಿಡಿಯಲು ಹೊರಟವರ ಹಾಗೆ ಓಡಿದವು. ಇನ್ನು ಮೇಲೆ ಗಿರಿಯಪ್ಪನ ಹೊರತು ಬೇರೆ ಯಾರೂ ಆ ಹಗ್ಗ ಮುಟ್ಟಕೂಡದು ಎಂದು ಕುಬೇರಪ್ಪನವರು ಹುಕುಂ ಮಾಡಿದರು.

ಆಟ ಮುಗಿದು ಬಣ್ಣ ತೆಗೆಯುತ್ತ ಶಾರವ್ವ ಕೇಳುತ್ತಿದ್ದಳು.

“ಪೇಂಟರ್ರ, ಇವತ್ತ ಮ್ವಾಡ ಹೆಂಗಿದ್ದುವ್ರಿ?”

“ನಾ ಎಲ್ಲಿ ನೋಡೇನ್ರಿ ಶಾರವ್ವಾರ? ಪರಮೇಶಿನ್ನ ಕೇಳ್ರಿ.”

ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ಮಾಡಿದವ ಒಬ್ಬ, ಅದಕ್ಕೆ ಹಾಡಿದವಳು ಒಬ್ಬಳು, ಇಬ್ಬರೂ ನೋಡಿಲ್ಲ. ನೋಡಿದವನಿಗೆ ಹೇಳಲು ಬರುವುದಿಲ್ಲ. “ಭಾಳ ಪಾಡ ಇದ್ದುವ್ರಿ, ಭಾಳ ಛಲೋ,” ಎನ್ನುತ್ತಿದ್ದೆ. “ಪಾಡ ಅಂದ್ರ ಹೆಂಗ?” ಎನ್ನುತ್ತಿದ್ದಳು. “ಮ್ವಾಡ ಇದ್ದಂಗ ಇದ್ದುವ್ರಿ.” ಅವಳು ನಕ್ಕು ಎಣ್ಣೆಯ ಬಟ್ಟೆಯಿಂದ ಮುಖ ಉಜ್ಜಿಕೊಳ್ಳುತ್ತಿದ್ದಳು. ಗಿರಿಯಪ್ಪ ಅಷ್ಟು ಹೊತ್ತಿಗೆ ಬಲೆ ಸುತ್ತಿಡಲು ಹೋಗಿರುತ್ತಿದ್ದ. ಬಣ್ಣ ತೆಗೆಯುವ ಹೆಂಗಸರ ಎದುರು ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಎದುರಿಗೆ ಕೂತು ನೋಡಬೇಕೆಂದರೆ ಇನ್ನೊಂದು ಅಡ್ಡಿ ಇತ್ತು. ಕಂಪನಿಯವರು ಕುರ್ಚಿಯಲ್ಲಿ ಕೂತು ತಮ್ಮ ಆಟ ತಾವೇ ನೋಡಬಾರದು, ನೋಡಿದರೆ ಕಂಪನಿ ಮುರಿಯುತ್ತದೆ ಎಂಬುದು ಕುಬೇರಪ್ಪನವರ ನಂಬಿಕೆ. ಅವರ ಅಪ್ಪನ ಕಾಲದಲ್ಲಿ ಹಾಗೆ ಆಗಿತ್ತಂತೆ. ನಾನು ನಿಂತು ನೋಡುತ್ತಿದ್ದೆನಾದ್ದರಿಂದ ದೋಷವಿಲ್ಲ. ಅಷ್ಟಕ್ಕೂ ಗೇಟಿನವನನ್ನು ಯಾರು ಕಂಪನಿಯವ ಎಂದು ಎಣಿಸುತ್ತಿದ್ದರು?

ಹೀಗೆ ಊರೂರು ತಿರುಗಿದೆವು. ಹುಲಗೂರಿನ ಉರುಸಿಗೆ ಹೋದೆವು, ಹಿರೇಕೆರೂರಿಗೆ ಹೋದೆವು. ಊರಿಗೊಂದು ಮೋಡ ಬೇಕು ಎಂದು ಗಿರಿಯಪ್ಪನಿಗೆ ತಿಳಿದದ್ದು ಹಾನಗಲ್ಲಿನಲ್ಲಿ. ಅವರು ಮಳೆ ಕಂಡ ಜನ. ಆಟ ನೋಡಿ ಹೊರಗೆ ಬಂದ ಒಬ್ಬ ರೈತ, “ಮ್ವಾಡ ಛಲೋ ಅದಾವು, ಖರೆ ಇವು ಸವಣೂರ ಮ್ವಾಡ. ನಮ್ಮೂರಾಗ ಇಂಥವು ಬರೇ ನೆಳ್ಳ ಕೊಡತಾವು,” ಎಂದ. ಮರುದಿನ ಗಿರಿಯಪ್ಪ ಮೋಡದ ಹೊಟ್ಟೆಗೆ ಇನ್ನಷ್ಟು ಕಾಡಿಗೆ ತಟ್ಟಿದ. ಆಮೇಲೆ ಹಾನಗಲ್ಲಿನವರು ತಕರಾರು ಮಾಡಲಿಲ್ಲ.

ಅದೇ ಹಾನಗಲ್ಲಿನ ಕ್ಯಾಂಪಿನಲ್ಲಿ, ಇಬ್ಬರೂ ಕೂಡಿ ಎದುರಿಗೆ ಕೂತು ಒಮ್ಮೆ ನೋಡಬೇಕೆಂಬ ಮಾತು ಎತ್ತಿದವಳು ಶಾರವ್ವ.

“ಅಮಾಸಿ ದಿನಾ ಆಟ ಇರಂಗಿಲ್ಲಲ್ರಿ. ಮಾಲೀಕರೂ ಊರಿಗೆ ಹೋಗತಾರ. ಯಲ್ಲಪ್ಪ ಹಗ್ಗ ಹಿಡೀಲಿ. ನಾ ಹಾಡ್ತೇನಿ, ಯಾವಾಗ ಎಳೀಬೇಕು ಅನ್ನೂದು ನೀವು ಅವಗ ಹೇಳ್ರಿ. ಇಬ್ಬರೂ ಕೂಡಿ ನೋಡೂಣು. ಒಬ್ಬಬ್ಬರ ನೋಡೂದ ಬ್ಯಾಡ, ಹಾಂ?”

“ಹೂನ್ರಿ. ಕೂಡೇ ನೋಡೂದು,” ಎಂದ ಗಿರಿಯಪ್ಪ. ಅಷ್ಟು ಖುಷಿಯಲ್ಲಿ ಅವನನ್ನು ನಾನು ಕಂಡಿರಲಿಲ್ಲ. ಆ ಅಮಾವಾಸ್ಯೆಯ ಮುಂಜಾನೆ ಗಡ್ಡ ಕೆರೆದುಕೊಂಡು, ತೊಳೆದ ಅಂಗಿ ಹಾಕಿಕೊಂಡು, ಎರಡು ಕುರ್ಚಿಗಳನ್ನು ತಾನೇ ಒರೆಸಿ ನಡುವಿಗೆ ಹಾಕಿದ. ಎರಡರ ನಡುವೆ ಎಷ್ಟು ಜಾಗ ಬಿಡಬೇಕೆಂದು ತಿಳಿಯದೆ ಹತ್ತಿರ ಇಟ್ಟ, ದೂರ ಇಟ್ಟ, ಮತ್ತೆ ಸ್ವಲ್ಪ ಹತ್ತಿರ ಇಟ್ಟ. ನಾನು ನೋಡಿಯೂ ನೋಡದ ಹಾಗೆ ಬೀಡಿ ಸೇದುತ್ತ ಕೂತಿದ್ದೆ.

ಮಧ್ಯಾಹ್ನ ಊಟವಾಗಿ ಶಾರವ್ವ ಬಂದು ಕುರ್ಚಿಯಲ್ಲಿ ಕೂತಳು. ಯಲ್ಲಪ್ಪ ಹಗ್ಗ ಹಿಡಿದ. ಗಿರಿಯಪ್ಪ ದೀಪದ ಗುಂಡಿ ಒತ್ತಲು ಹಿಂದೆ ಹೋದ. ಆಗ ಹಾನಗಲ್ಲಿನ ಖರೆ ಮೋಡ ಬಂತು. ಬಂತೆಂದರೆ ಎಚ್ಚರಿಕೆ ಕೊಟ್ಟು ಬರಲಿಲ್ಲ. ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಬಂತು. ರಂಗದ ಮೇಲಿನ ತಗಡು ಹಾರಿತು. ಅರಳೆಗೆ ನೀರು ಬಿದ್ದರೆ ಮುಗಿಯಿತು. ಗಿರಿಯಪ್ಪ ಬಲೆಯನ್ನು ಎರಡೂ ಕೈಯಿಂದ ಬಾಚಿ ಎದೆಗೆ ಒತ್ತಿಕೊಂಡ. ಶಾರವ್ವ ಓಡಿಬಂದು ತನ್ನ ರಾಣಿಯ ಜರಿ ಶಾಲನ್ನು ಅದರ ಮೇಲೆ ಹೊದಿಸಿದಳು. ಮಳೆ ನಿಂತಾಗ ಅರಳೆ ಅರ್ಧ ಉಳಿದಿತ್ತು, ಕುರ್ಚಿಗಳು ಕೆಸರಿನಲ್ಲಿ ಬಿದ್ದಿದ್ದವು. ಮುಂದಿನ ಅಮಾವಾಸ್ಯೆಗೆ ನೋಡೋಣ ಎಂದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಮುಂದಿನ ಅಮಾವಾಸ್ಯೆಗೆ ಅವಳಿಗೆ ಜ್ವರ. ಅದರ ಮುಂದಿನದಕ್ಕೆ ಕ್ಯಾಂಪು ಎತ್ತಿದೆವು. ಆಮೇಲೆ ಏನೋ ಒಂದು. ನಾಳೆ ಮಾಡಬಹುದಾದ ಕೆಲಸ ಎಂದು ಇಬ್ಬರಿಗೂ ಅನ್ನಿಸಿತ್ತು, ನನಗೂ.

ಎಪ್ಪತ್ತೊಂಬತ್ತರಲ್ಲಿ ಶಿಗ್ಗಾವಿಯ ಕ್ಯಾಂಪಿನಲ್ಲಿದ್ದಾಗ ದೊಡ್ಡ ಕಂಪನಿಯೊಂದರಿಂದ ಶಾರವ್ವನಿಗೆ ಕರೆ ಬಂತು. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರದವರೆಗೆ ಹೋಗುವ ಕಂಪನಿ. ಅವಳ ಸಾಮಾನು ಜಟಕಾದಲ್ಲಿ ಇಟ್ಟದ್ದು ನಾನೇ. ಗಿರಿಯಪ್ಪ ದೂರದಲ್ಲಿ ಕುಂಚ ತೊಳೆಯುತ್ತ ಕೂತಿದ್ದ. ಅವಳೇ ಅವನ ಹತ್ತಿರ ಹೋದಳು.

“ಪೇಂಟರ್ರ, ನೀವೂ ಬರ್ರಿ. ಅಲ್ಲೂ ಕೆಲಸ ಐತಿ. ನಾ ಕೇಳೇನಿ.”

ಗಿರಿಯಪ್ಪ ಬಹಳ ಹೊತ್ತು ಕುಂಚವನ್ನೇ ತೊಳೆದ. ಆಮೇಲೆ, “ಪರದೆ ಕಂಪನಿದು ಐತಲ್ರಿ,” ಎಂದ.

“ನಾ ಪರದೆ ಕರದಿಲ್ಲರಿ. ನಿಮ್ಮನ್ನ ಕರಿಯಾಕತ್ತೇನಿ.”

ಈ ಮಾತಿಗೆ ಯಾವ ಗಂಡಸಾದರೂ ಎದ್ದು ನಿಲ್ಲುತ್ತಿದ್ದ. ಇವನು ನಿಲ್ಲಲಿಲ್ಲ. ನೀರಿನ ಡಬ್ಬಿಯಲ್ಲಿ ನೀಲಿ ಕದಡುವುದನ್ನು ನೋಡುತ್ತ ಕೂತ. ಅವಳು ಸ್ವಲ್ಪ ಹೊತ್ತು ಕಾದು, “ಕೂಡಿ ನೋಡೂದೊಂದು ಉಳೀತ್ರಿ,” ಎಂದು ಹೇಳಿ ಜಟಕಾ ಹತ್ತಿದಳು. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. “ಮಂಗ್ಯಾನ ಮಗನ, ನಿನ್ನ ಅರಳಿ ಏನ್ ಓಡಿ ಹೋಗತಿತ್ತೇನ?” ಎಂದೆ. ಅವನು ಹೇಳಿದ್ದು ಇಷ್ಟೇ: “ಅಷ್ಟ ದೊಡ್ಡ ಕಂಪನ್ಯಾಗ ಆಕಿ ಹಾಡೂವಾಗ ನಾ ಎಲ್ಲಿ ನಿಂದರ್ಲೋ, ಪರಮೇಶಿ? ಇಲ್ಲೆ ಆಕೀ ಹಿಂದ ಜಾಗಾ ಐತಿ ನನಗ.” ಅವಳು ಹೋದ ಮೇಲೆ ಆ ಜಾಗದಲ್ಲಿ ಏನು ಉಳಿಯುತ್ತದೆ ಎಂದು ಅವನು ಯೋಚಿಸಿರಲಿಲ್ಲ.

ಬೇರೆ ಹುಡುಗಿ ರಾಣಿಯಾದಳು. ಹಾಡು ಅದೇ, ಉಸಿರು ಬೇರೆ. ಗಿರಿಯಪ್ಪ ಹಗ್ಗ ಎಳೆಯುತ್ತಿದ್ದ. ಮೋಡ ಬರುತ್ತಿತ್ತು, ಹೋಗುತ್ತಿತ್ತು. ಜನ ಚಪ್ಪಾಳೆಯನ್ನೂ ಹೊಡೆಯುತ್ತಿದ್ದರು. ಆದರೆ ಎದ್ದು ಮೆಣಸಿನಕಾಯಿ ತೆಗೆಯಲು ಹೋದವರು ಮತ್ತೊಬ್ಬರಿಲ್ಲ. ಎರಡು ವರ್ಷದ ಮೇಲೆ, ಶಾರವ್ವ ಆ ಕಂಪನಿಯ ಹಾರ್ಮೋನಿಯಂ ಮಾಸ್ತರರನ್ನು ಮದುವೆಯಾದ ಸುದ್ದಿ ಹಿರೇಕೆರೂರಿನ ಕ್ಯಾಂಪಿಗೆ ಬಂತು. ಗಿರಿಯಪ್ಪ ಕೇಳಿಸಿಕೊಂಡು ಚಹಾ ಪೂರ್ತಿ ಕುಡಿದ. ಆ ಸಂಜೆಯ ಆಟದಲ್ಲಿ ಮೋಡಗಳು ಎಷ್ಟು ಕಪ್ಪಾಗಿದ್ದವೆಂದರೆ ಮುಂದಿನ ಸಾಲಿನ ಕೂಸುಗಳು ಅತ್ತವು. ಒಂದು ಸಲವಾದರೂ ಎದುರಿಗೆ ಬಂದು ನೋಡು ಮಾರಾಯ, ನಾನು ಎಳೆಯುತ್ತೇನೆ ಎಂದರೆ, “ಕೂಡೇ ನೋಡೂದಂತ ಮಾತಾಗೇತಿ,” ಎನ್ನುತ್ತಿದ್ದ. ಯಾರೊಂದಿಗೆ ಮಾತಾಗಿತ್ತೋ ಅವಳು ಇನ್ನೊಬ್ಬರ ಮನೆ ಸೇರಿದ್ದಳು. ಮಾತು ಮಾತ್ರ ಇವನ ಹತ್ತಿರ ಹಾಗೇ ಇತ್ತು. ಅವನು ಮದುವೆಯಾಗಲಿಲ್ಲ. ಹತ್ತಿಮತ್ತೂರಿನಿಂದ ಅವನ ಅವ್ವ ಬಂದು ಅತ್ತು ಕರೆದು ಹೋದಳು. ಏನೂ ಆಗಲಿಲ್ಲ.

ಎಂಬತ್ತಾರರ ಹೊತ್ತಿಗೆ ಊರೂರಿಗೆ ವಿಡಿಯೋ ಬಂತು. ಕುರ್ಚಿಗಳು ಖಾಲಿಯಾದವು. ಕುಬೇರಪ್ಪನವರು ಕಂಪನಿ ಮುಚ್ಚಿದರು. ಯಾರೋ ಕದ್ದು ಕುರ್ಚಿಯಲ್ಲಿ ಕೂತು ಆಟ ನೋಡಿರಬೇಕು ಎಂದು ಕೊನೆಯವರೆಗೂ ಸಂಶಯಪಟ್ಟರು. ತಗಡು, ಕುರ್ಚಿ ಎಲ್ಲ ಮಾರಾಟವಾದವು. ಅರಳೆಯ ಬಲೆ ಯಾರಿಗೂ ಬೇಡವಾಗಿತ್ತು. ಅದನ್ನೂ ನೀಲಿ ಪರದೆಯನ್ನೂ ಗಿರಿಯಪ್ಪನ ಹೆಗಲಿಗೇ ಹಾಕಿ, “ಒಯ್ಯಪಾ, ನಿನ್ನ ಮುಗಲಾ ನೀನ ಇಟಗೋ,” ಎಂದರು. ಅವನು ಅದನ್ನು ಬಂದೇಸಾಬರ ಮನೆಯ ಹಿಂದಿನ ಹಳೆಯ ಅರಳೆ ಗೋದಾಮಿನ ಅಟ್ಟದ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟ. ತಾನು ಬೋರ್ಡು ಬರೆಯತೊಡಗಿದ. ನಾನು ಪೇಟೆಯಲ್ಲಿ ಖಾರ, ಸೇವು ಮಾರುವ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟಲು ನಿಂತೆ.

ಮರುವರ್ಷ ಬೇಸಿಗೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಒಬ್ಬ ಹೆಂಗಸು ನಿಂತಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಮೈ ತುಂಬಿತ್ತು.

“ಪರಮೇಶಪ್ಪಾರ, ಒಳಗ ಬಿಡ್ತೀರೋ, ಟಿಕೀಟ ತಗೀಬೇಕೋ?”

ದನಿ ಕೇಳಿ ಗುರುತು ಹತ್ತಿತು. ನನ್ನ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ ಖಾರ ಎಲ್ಲ ಚೆಲ್ಲಿತು. ಶಾರವ್ವ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಗಂಡನೊಂದಿಗೆ ಸೊಲ್ಲಾಪುರದಲ್ಲಿ ನೆಲೆಸಲು ಹೊರಟಿದ್ದಳು. ಶಿಗ್ಗಾವಿಯ ಬಂಧುಗಳನ್ನು ಕಂಡು ಹೋಗಲು ಬಂದವಳು ಅಲ್ಲಿಂದ ಸವಣೂರಿನ ಬಸ್ಸು ಹತ್ತಿದ್ದಳು. “ನಮ್ಮನಿಯವರು ಶಿಗ್ಗಾವ್ಯಾಗ ಅದಾರ. ಐದರ ಬಸ್ಸಿಗೆ ಹೋಗಬೇಕ್ರಿ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಆ ಮ್ವಾಡ ಅದಾವೇನ್ರಿ ಇನ್ನಾ?” ಎಂದು ಕೇಳಿದಳು.

ಗಿರಿಯಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಏಣಿಯ ಮೇಲೆ ನಿಂತು ಯಾವುದೋ ಹೋಟೆಲ್ಲಿನ ಬೋರ್ಡು ಬರೆಯುತ್ತಿದ್ದ. ಕೆಳಗಿನಿಂದ ಅವಳು, “ಪೇಂಟರ್ರ,” ಎಂದಳು. ಅವನು ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಅಕ್ಷರ ಮುಗಿಸಿದ, ಕುಂಚವನ್ನು ಡಬ್ಬಿಯಲ್ಲಿಟ್ಟ. ಒಂದೊಂದೇ ಮೆಟ್ಟಿಲು ಇಳಿದು ಬಂದು, “ಊಟಾ ಆತ್ರಿ?” ಎಂದು ಕೇಳಿದ. ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ನನಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಅಳುವೂ ಬಂತು.

ಗೋದಾಮಿನಲ್ಲಿ ಪರದೆ ಕಟ್ಟಿದೆವು. ಬಂದೇಸಾಬರು ಬಿಲ್ಲು ಬದಿಗಿಟ್ಟು ಬಂದು ಕಂಬಕ್ಕೆ ಗಡಗಡೆ ಬಿಗಿದುಕೊಟ್ಟರು. ಅರಳೆ ಹಳದಿಯಾಗಿತ್ತು, ಒಂದು ಮೋಡದ ಅರ್ಧವನ್ನು ಇಲಿ ಒಯ್ದಿತ್ತು. ಬಂದೇಸಾಬರ ಮನೆಯಿಂದ ಎರಡು ಕುರ್ಚಿ ಬಂದವು, ಒಂದಕ್ಕೆ ಕೈ ಇರಲಿಲ್ಲ. ಗಿರಿಯಪ್ಪ ಅವನ್ನು ಒರೆಸಿ, ಹತ್ತಿರ ಇಟ್ಟು, ಆಮೇಲೆ ಸ್ವಲ್ಪ ದೂರ ಸರಿಸಿದ. ಶಾರವ್ವ ಕೂತಳು, ಅವನೂ ಕೂತ. ಹಗ್ಗ ನನ್ನ ಕೈಗೆ ಬಂತು. ಬಾಗಿಲು ಮುಚ್ಚಿ ಬಲ್ಬಿನ ಗುಂಡಿ ಒತ್ತಿದೆ. ಕರೆಂಟಿಲ್ಲ.

ಹಾನಗಲ್ಲಿನಲ್ಲಿ ಮಳೆ, ಇಲ್ಲಿ ಕರೆಂಟು. ಐದರ ಬಸ್ಸು ಕಾಯುವುದಿಲ್ಲ. ನನಗೆ ತಲೆ ಕೆಟ್ಟು, ಬೆನ್ನ ಹಿಂದಿದ್ದ ಪಡುವಣ ಕಡೆಯ ತಗಡಿನ ಬಾಗಿಲನ್ನು ಒದ್ದೆ. ಅದು ಕಿರ್ರೆಂದು ಪೂರ್ತಿ ತೆರೆದುಕೊಂಡಿತು. ಇಳಿಹೊತ್ತಿನ ಬಿಸಿಲು ಒಳಗೆ ನುಗ್ಗಿ ನೀಲಿ ಪರದೆಯ ಮೇಲೆ ಬಿತ್ತು. ಯಾವ ಬಲ್ಬೂ ಕೊಡದ ಬೆಳಕು ಅದು.

“ಎಳಿಯೋ ಪರಮೇಶಿ,” ಎಂದ ಗಿರಿಯಪ್ಪ ಆ ಕಡೆಯಿಂದ.

ಎಳೆದೆ.

“ಸಾವಕಾಶೋ! ಕೊಡಾ ಸೇದಾಕತ್ತಿಯೇನ?”

ಆಗ ಶಾರವ್ವ ಹಾಡಿದಳು. ದನಿ ಮೊದಲಿನ ಹಾಗೆ ಇರಲಿಲ್ಲ, ಮೇಲೆ ಹೋಗುವಲ್ಲಿ ಬಿರುಕು ಬಿಡುತ್ತಿತ್ತು. ನಾನು ಸಾಲಿಗೆ ಎಳೆದೆ, ಉಸಿರಿಗೆ ನಿಂತೆ. ನನಗೆ ಕಾಣುತ್ತಿದ್ದದ್ದು ತೇಪೆ, ಗಂಟು, ಬಟ್ಟೆಯ ಮೇಲಿನ ಕಲೆ. ಮೋಡ ಹೇಗಿದೆಯೋ ತಿಳಿಯಲಿಲ್ಲ, ಇಷ್ಟು ವರ್ಷ ಗಿರಿಯಪ್ಪ ನಿಂತದ್ದು ಇಂಥ ಜಾಗದಲ್ಲಿ ಎಂದು ಆಗ ಗೊತ್ತಾಯಿತು. ಹೊಲಿಗೆ ಬಿಟ್ಟ ಸಂದಿ ನೆನಪಾಗಿ ಅದಕ್ಕೆ ಕಣ್ಣಿಟ್ಟೆ.

ಶಾರವ್ವ ಮುಖ ಎತ್ತಿ ಮೋಡ ನೋಡುತ್ತಿದ್ದಳು. ಬಿಸಿಲು ಅರಳೆಯನ್ನು ಹಾದು ಅವಳ ಮುಖದ ಮೇಲೆ ಬೀಳುತ್ತಿತ್ತು. ಮೋಡ ಸರಿದಂತೆ ಅವಳ ಹಣೆಯ ಮೇಲೆ ನೆರಳು ಬಂದು, ಕೆನ್ನೆಗಿಳಿದು, ಹೋಗುತ್ತಿತ್ತು. ಹಾಡುತ್ತಲೇ ಅಳುತ್ತಿದ್ದಳು, ಒರೆಸಿಕೊಳ್ಳುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಗಿರಿಯಪ್ಪ ಕೂತಿದ್ದ. ಅವನು ಮೋಡದ ಕಡೆ ನೋಡುತ್ತಲೇ ಇರಲಿಲ್ಲ. ಪೂರ್ತಿ ಅವಳ ಕಡೆ ತಿರುಗಿ ಕೂತಿದ್ದ. ಹಾಡು ಮುಗಿಯುವವರೆಗೂ ಹಾಗೆಯೇ ಇದ್ದ.

ಹಾಡು ಮುಗಿದ ಮೇಲೆ ಅವಳು, “ಇಷ್ಟ ಚಂದ ಇದ್ದುವೇನ್ರಿ?” ಎಂದಳು. “ಹೂನ್ರಿ,” ಎಂದ ಅವನು. ಅಷ್ಟೇ. ಬಸ್ಸಿನವರೆಗೆ ನಾವಿಬ್ಬರೂ ಹೋದೆವು. ಅವಳು ಕಿಟಕಿಯ ಹತ್ತಿರ ಕೂತು ಕೈ ಮುಗಿದಳು. ಬಸ್ಸು ಹೋದ ಮೇಲೂ ಅವನು ಧೂಳಿನಲ್ಲಿ ನಿಂತೇ ಇದ್ದ. ಅವನ ಹೋಟೆಲ್ಲಿನ ಬೋರ್ಡು ಅರ್ಧಕ್ಕೇ ಉಳಿದಿತ್ತು.

ಗೋದಾಮಿಗೆ ಮರಳಿ ಬಲೆ ಮಡಚುವಾಗ ನಾನು ಸುಮ್ಮನಿರಲಾರದೆ ಕೇಳಿದೆ.

“ಹೆಂಗಿದ್ದುವಲೇ ನಿನ್ನ ಮ್ವಾಡ?”

“ಛಲೋ ಇದ್ದುವು.”

“ಸುಳ್ಳ ಬೊಗಳಬ್ಯಾಡ. ಸಂದ್ಯಾಗಿಂದ ನೋಡೇನಿ ನಾ. ಒಮ್ಮಿನೂ ಕಣ್ಣೆತ್ತಿ ನೋಡಲಿಲ್ಲ ನೀ. ಇದಕ್ಕ ಇಷ್ಟ ವರ್ಸ ಕಾದಿಯೇನ?”

ಗಿರಿಯಪ್ಪ ಅರಳೆಗೆ ಹತ್ತಿದ್ದ ಧೂಳನ್ನು ಊದಿದ. ನೀಲಿ ಪರದೆಯ ಆ ಬಿಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ.

“ಈ ಸಂದ್ಯಾಗಿಂದ ನನಗ ಆಕೀ ಬೆನ್ನಷ್ಟ ಕಾಣತಿತ್ತೋ, ಪರಮೇಶಿ. ಹಾಡೂವಾಗ ಆಕೀ ಮಾರಿ ಹೆಂಗಿರತೈತಿ ಅನ್ನೂದು ನಿಮಗೆಲ್ಲಾರಿಗೂ ಗೊತ್ತಿತ್ತು. ನನಗೊಬ್ಬಗ ಗೊತ್ತಿರಲಿಲ್ಲ.”

ಬಲೆಯ ಆ ತುದಿಯನ್ನು ಅವನು ಹಿಡಿದ, ಈ ತುದಿಯನ್ನು ನಾನು ಹಿಡಿದೆ. ಮಡಚಿ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದೆವು. ಮೋಡಗಳನ್ನು ಅವನು ಇವತ್ತಿಗೂ ನೋಡಿಲ್ಲ.